ಸಹಾಯ ಬೇಕು: ‘ಟೇಲರ್’ ಅಡ್ಡಹೆಸರಿನ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಗೋಡೆ ಪತ್ರಿಕೆಗೆ ಇಂಗ್ಲಿಷರ ಅಡ್ಡಹೆಸರುಗಳ ಬಗ್ಗೆ ಬರೆಯುತ್ತಿದ್ದೇನೆ. ಮೊದಲ ಸಂಚಿಕೆಗೆ ‘ಟೇಲರ್’ ಆರಿಸಿಕೊಂಡಿದ್ದೇನೆ. ಅರ್ಥ ಸುಲಭ, ಬಟ್ಟೆ ಹೊಲಿಯುವವರು. ಹಳೆಯ ಫ್ರೆಂಚಿನ ‘ಕತ್ತರಿಸು’ ಎಂಬ ಪದದಿಂದ ಬಂದದ್ದು. ಟೈಲರ್ ಬೇರೆ, ಅದು ಹೆಂಚು ಹೊದಿಸುವವರ ಹೆಸರು.

ಈ ಹೆಸರಿನವರು ಬೇಕಾದಷ್ಟಿದ್ದಾರೆ. ಅಮೆರಿಕದ 12ನೇ ಅಧ್ಯಕ್ಷ ಜಕಾರಿ ಟೇಲರ್, ನಟಿ ಎಲಿಜಬೆತ್ ಟೇಲರ್, ಪಿಯುಸಿ ದಾಟಿದವರನ್ನು ಗಣಿತದಲ್ಲಿ ಕಾಡುವ ‘ಟೇಲರ್ ಸರಣಿ’ಯ ಬ್ರೂಕ್ ಟೇಲರ್. ಮಕ್ಕಳಿಗೆ ಜಾಸ್ತಿ ಇಷ್ಟ ಆಗೋದು ಮಾರ್ಕ್ ಟೇಲರ್ ಅನಿಸುತ್ತೆ. 1998ರಲ್ಲಿ ಪೇಶಾವರದಲ್ಲಿ ಔಟಾಗದೆ 334 ಹೊಡೆದು, ಬ್ರಾಡ್ಮನ್ ಅವರ ಅತಿ ಹೆಚ್ಚು ರನ್ನಿಗೆ ಸಮ ಮಾಡಿ ಡಿಕ್ಲೇರ್ ಮಾಡಿಬಿಟ್ಟರು! ಯಾರು ಬಿಡ್ತಾರೆ ಹಾಗೆ, ಅಲ್ವಾ?

ನಮ್ಮ ಕಡೆಯ ನಂಟು ಅಂದರೆ ಸುರಪುರದಲ್ಲಿ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದವರು. ಸುರಪುರದವರು ಯಾರಾದರೂ ಇದ್ದರೆ ಅಲ್ಲಿನ ಟೇಲರ್ ಮಂಜಿಲ್‌ನ ಫೋಟೋ ಕೊಡ್ತೀರಾ? ನೀವೇ ತೆಗೆದದ್ದಾಗಿರಲಿ, ಇಂಟರ್ನೆಟ್ಟಿನದು ಬೇಡ.

ಇನ್ನೊಂದು ವಿಷಯ. ಉತ್ತರ ಕರ್ನಾಟಕದಲ್ಲಿ ಬಡಿಗೇರ, ಕಂಬಾರ, ಕುಂಬಾರ, ಪತ್ತಾರ ಅಂತ ಕಸುಬಿನ ಅಡ್ಡಹೆಸರುಗಳಿವೆ. ಹೊಲಿಗೆಯವರದ್ದು ಸಿಂಪಿಗೇರ. ಇದಲ್ಲದೆ ಹೊಲಿಗೆಗೆ ಸಂಬಂಧಿಸಿದ ಬೇರೆ ಅಡ್ಡಹೆಸರು ನಿಮ್ಮೂರಲ್ಲಿ ಇದ್ದರೆ ಊರಿನ ಹೆಸರಿನ ಜೊತೆ ಬರೆಯಿರಿ. ಪುಟದಲ್ಲಿ ಅದಕ್ಕೆ ಅರ್ಧ ಜಾಗ ಖಾಲಿ ಇಟ್ಟಿದ್ದೇನೆ.