ಸ್ವತಂತ್ರ ವೈದ್ಯಕೀಯ ಮೌಲ್ಯಮಾಪಕರ ಸಂಘ: ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಬಿಡಬೇಕು?

ಕುಮಟಾ, ಮೂಳೆ ಡಾಕ್ಟರ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಸಲಹೆ ಬೇಕಿತ್ತು. ಕ್ಲಿನಿಕ್ ಜೊತೆಗೆ ನಾನು ಅಪಘಾತದ ಕೇಸುಗಳಲ್ಲಿ ಗಾಯಾಳುವನ್ನು ಪರೀಕ್ಷಿಸಿ, ಶಾಶ್ವತ ಊನ ಎಷ್ಟು ಅಂತ ವರದಿ ಕೊಡುವ ಕೆಲಸ ಮಾಡುತ್ತೇನೆ. ಒಮ್ಮೆ ವಿಮಾ ಕಂಪನಿ ಕರೆಯುತ್ತದೆ, ಒಮ್ಮೆ ವಕೀಲರು ಕಳಿಸುತ್ತಾರೆ. ಜಿಲ್ಲೆಯಲ್ಲಿ ಇದೇ ಕೆಲಸ ಮಾಡುವ ಒಂಬತ್ತು ಜನ ಸಂಘ ಕಟ್ಟೋಣ ಅಂತ ಕೂತೆವು. ಸದಸ್ಯತ್ವದ ನಿಯಮ ಬರೆಯುವಷ್ಟರಲ್ಲೇ ಜಗಳ ಶುರುವಾಯಿತು, ಚಹಾ ಆರಿಹೋಯಿತು. ಆಯುರ್ವೇದದವರು, ಫಿಸಿಯೋದವರು ಸೇರಬಹುದಾ? ವಿಮಾ ಕಂಪನಿಯಲ್ಲಿ ಸಂಬಳಕ್ಕಿರುವ ಡಾಕ್ಟರ್ ಸೇರಬಹುದಾ? ವರದಿಗೆ ಎಲ್ಲರೂ ಒಂದೇ ಫೀ ಅಂತ ಇಡಬಹುದಾ? ಕೆಟ್ಟ ವರದಿ ಕೊಟ್ಟವರನ್ನು ಹೊರಗೆ ಹಾಕೋದು ಹೇಗೆ? ಇಂಥ ಸಂಘದಲ್ಲಿ ಇದ್ದವರು, ಕೋರ್ಟಲ್ಲಿ ನಮ್ಮಂಥವರನ್ನು ನೋಡಿದವರು ಅನುಭವ ಹೇಳಿ.

ಕಾರವಾರ, ನಿವೃತ್ತ ಸರ್ಜನ್:

ಮೇಡಂ, ನಾನು ಬೇರೆ ಜಿಲ್ಲೆಯಲ್ಲಿದ್ದಾಗ ಇಂಥದ್ದೇ ಒಂದು ಸಂಘಕ್ಕೆ ನಾಲ್ಕು ವರ್ಷ ಕಾರ್ಯದರ್ಶಿಯಾಗಿದ್ದೆ. ನೀವು ಕೇಳಿದ ಎಲ್ಲ ಪ್ರಶ್ನೆ ನಮ್ಮಲ್ಲೂ ಬಂದಿತ್ತು. ಆದರೆ ಸಂಘ ಮುಳುಗಿದ್ದು ಅವುಗಳಿಂದ ಅಲ್ಲ. "ಸ್ವತಂತ್ರ" ಅಂದ್ರೆ ಏನು ಅಂತ ನಾವು ಎಲ್ಲೂ ಬರೆದಿರಲಿಲ್ಲ.

ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ, ಒಂದು ಚೆಂದದ ಸಾಲಿತ್ತು, ಸ್ವತಂತ್ರವಾಗಿ ವೃತ್ತಿ ನಡೆಸುವ ನೋಂದಾಯಿತ ವೈದ್ಯರೆಲ್ಲ ಸದಸ್ಯರಾಗಬಹುದು ಅಂತ. ಎಲ್ಲರೂ ಅದನ್ನು ತಮಗೆ ಬೇಕಾದ ಹಾಗೆ ಓದಿಕೊಂಡರು. ಒಬ್ಬರು ಯಾರ ಹತ್ತಿರವೂ ಸಂಬಳಕ್ಕಿರಲಿಲ್ಲ, ಹಾಗಾಗಿ ಸ್ವತಂತ್ರ. ಆದರೆ ಅವರಿಗೆ ಬರುವ ಕೇಸೆಲ್ಲ ಹೆಚ್ಚುಕಡಿಮೆ ಒಂದೇ ವಕೀಲರ ಆಫೀಸಿನಿಂದ. ಇನ್ನೊಬ್ಬರಿಗೆ ಒಂದೇ ವಿಮಾ ಕಂಪನಿಯಿಂದ. ಲಕೋಟೆ ಒಡೆಯುವ ಮೊದಲೇ ಪರ್ಸೆಂಟ್ ಹೇಳಬಹುದಿತ್ತು ಮಾರಾಯ್ರೆ, ವಕೀಲರ ಕಡೆಯವರದ್ದಾದರೆ 40ರ ಮೇಲೆ, ವಿಮಾ ಕಡೆಯವರದ್ದಾದರೆ 10ರ ಒಳಗೆ. ಕೊನೆಗೆ ಒಂದೇ ಗಾಯಾಳುವಿನ ಬಗ್ಗೆ ಇಬ್ಬರೂ ವರದಿ ಕೊಟ್ಟು, ಇಬ್ಬರ ಲೆಟರ್‌ಹೆಡ್ಡಿನಲ್ಲೂ ನಮ್ಮ ಸಂಘದ ಹೆಸರು. ಅವತ್ತು ನ್ಯಾಯಾಧೀಶರು ಎರಡನ್ನೂ ಅಕ್ಕಪಕ್ಕ ಇಟ್ಟು ಸುಮ್ಮನೆ ನಕ್ಕರಂತೆ. ಆಮೇಲೆ ಸಭೆಗೆ ಬರುವವರೇ ಕಡಿಮೆಯಾದರು.

ಹಾಗಾಗಿ ಡಿಗ್ರಿಯ ಜಗಳ ಆಮೇಲೆ ಮಾಡಿ. ಮೊದಲು ಒಂದು ಪುಟದ ಹೇಳಿಕೆ ಪತ್ರ ಮಾಡಿಕೊಳ್ಳಿ, ಪ್ರತಿ ವರ್ಷ ಚಂದಾ ಕಟ್ಟುವಾಗ ಎಲ್ಲರೂ ಅದನ್ನು ತುಂಬಿ ಕೊಡಬೇಕು. ಈ ವರ್ಷ ಕೊಟ್ಟ ವರದಿಗಳಲ್ಲಿ ಗಾಯಾಳುವಿನ ಕಡೆಯಿಂದ ಬಂದದ್ದು ಎಷ್ಟು, ವಿಮಾ ಕಡೆಯಿಂದ ಎಷ್ಟು, ಕೋರ್ಟೇ ಕಳಿಸಿದ್ದು ಎಷ್ಟು, ಯಾವುದಾದರೂ ಒಂದೇ ಕಡೆಯಿಂದ ಅರ್ಧಕ್ಕಿಂತ ಜಾಸ್ತಿ ಬಂತಾ? ಅರ್ಧ ದಾಟಿದವರು ಸದಸ್ಯರಾಗಿ ಇರಲಿ ಬಿಡಿ, ಆದರೆ ಪದಾಧಿಕಾರಿ ಆಗಬಾರದು, ದೂರು ವಿಚಾರಿಸುವ ಸಮಿತಿಯಲ್ಲಿ ಕೂರಬಾರದು. ಸಂಬಳಕ್ಕಿರುವ ಡಾಕ್ಟರಿಗೂ ಇದೇ ಉತ್ತರ, ಬಂದು ಕೂತು ಕೇಳಲಿ, ಮತ ಬೇಡ. ಪ್ರತಿ ವರದಿಯ ಮೊದಲ ಪುಟದಲ್ಲೂ ಮೂರು ಸಾಲು ಇರಲಿ: ಯಾರು ಕೇಳಿದರು, ಯಾರು ದುಡ್ಡು ಕೊಟ್ಟರು, ಈ ರೋಗಿಗೆ ಚಿಕಿತ್ಸೆ ಮಾಡಿದ್ದು ನಾನೇನಾ.

ನೋಂದಣಿ ದೊಡ್ಡ ವಿಷಯ ಅಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ ಏಳು ಜನ ಬೇಕು, ಸಹಕಾರ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿ ಹತ್ತಿರ ಆಗುತ್ತದೆ. ಪ್ರತಿ ವರ್ಷ ಮಹಾಸಭೆ ಮಾಡಿ ಪದಾಧಿಕಾರಿಗಳ ಪಟ್ಟಿ, ಲೆಕ್ಕ ಸಲ್ಲಿಸೋದನ್ನು ಮಾತ್ರ ಮರೆಯಬೇಡಿ.

ಶಿರಸಿ, ವಕೀಲ:

ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಕಟಕಟೆಯ ಈಚೆ ಕಡೆಯವ, ಒಂದು ಕೇಸು ಹೇಳುತ್ತೇನೆ.

ನಮ್ಮ ಊರಿನ ಕಡೆಯ ಒಬ್ಬ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಕೊನೆ ಇಳಿಸುವವ. ಘಟ್ಟದ ರಸ್ತೆಯಲ್ಲಿ ಬೈಕಿಗೆ ಟೆಂಪೋ ಗುದ್ದಿ ಬಲಗಾಲಿನ ಹರಡು ಮುರಿದಿತ್ತು. ಮೂಳೆ ಕೂಡಿತು, ಆದರೆ ಪಾದ ಮೇಲೆ ಬಾಗುವುದಿಲ್ಲ. ಕಾಲಿಗೆ ಹಗ್ಗದ ಬಳೆ ಸಿಕ್ಕಿಸಿ ಅಡಿಕೆ ಮರ ತಬ್ಬಿ ಹತ್ತುವವನಿಗೆ ಪಾದ ಬಾಗದಿದ್ದರೆ ಮುಗೀತು. ನಾನು ವಿಮಾ ಕಂಪನಿ ಪರ ಇದ್ದೆ. ಡಾಕ್ಟ್ರು 40 ಪರ್ಸೆಂಟ್ ಅಂತ ಸರ್ಟಿಫಿಕೇಟ್ ಕೊಟ್ಟಿದ್ದರು. ಪಾದ ಎಷ್ಟು ಡಿಗ್ರಿ ಬಾಗುತ್ತದೆ ಅಂತ ಕೇಳಿದೆ. "ಕಡಿಮೆ ಬಾಗುತ್ತದೆ" ಅಂದರು. ಯಾವುದರಲ್ಲಿ ಅಳೆದಿರಿ ಅಂದೆ. "ನೋಡಿದರೇ ಗೊತ್ತಾಗುತ್ತದಲ್ವಾ." ಆಮೇಲೆ ಅದೇ ಡಾಕ್ಟ್ರು ಬೇರೆ ಕೇಸಿನಲ್ಲಿ ಕೊಟ್ಟ ಸರ್ಟಿಫಿಕೇಟ್ ತೆಗೆದು ಕೈಗೆ ಕೊಟ್ಟೆ. ಅದೇ ವಾಕ್ಯ, ಅದೇ ಸ್ಪೆಲ್ಲಿಂಗ್ ತಪ್ಪು, ಹೆಸರು ಮಾತ್ರ ಬೇರೆ. ನ್ಯಾಯಮಂಡಳಿ ವರದಿಯನ್ನೇ ನಂಬಲಿಲ್ಲ, ಕೊನೆಗೌಡನಿಗೆ ಬಂದದ್ದು ತೀರಾ ಕಡಿಮೆ. ಗೆದ್ದೆ, ಆದರೆ ಹೇಳಿಕೊಳ್ಳೋಕೆ ಖುಷಿ ಇಲ್ಲ. ಅವನ ಕಾಲು ನಿಜವಾಗಿಯೂ ಹೋಗಿತ್ತು, ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಇಟ್ಟು ಐದು ನಿಮಿಷ ಅಳೆದಿದ್ದರೆ ನನಗೆ ಕೇಳೋಕೆ ಏನೂ ಇರುತ್ತಿರಲಿಲ್ಲ.

2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಚಿಕಿತ್ಸೆ ಕೊಡದೆ, ಸರಿಯಾಗಿ ಪರೀಕ್ಷೆಯೂ ಮಾಡದೆ ರೆಡಿಮೇಡ್ ಸರ್ಟಿಫಿಕೇಟ್ ಕೊಡುವ ಡಾಕ್ಟರ್‌ಗಳ ಸಾಕ್ಷ್ಯವನ್ನು ಹುಷಾರಾಗಿ ನೋಡಿ ಅಂತ. ಅಂದರೆ ನಿಮ್ಮ ಸಂಘದವರ ಮೇಲೆ ಅನುಮಾನ ಮೊದಲೇ ಇರುತ್ತದೆ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಕೈಕಾಲಿನ ಊನದ ಪರ್ಸೆಂಟ್ ಬೇರೆ, ಇಡೀ ದೇಹದ್ದು ಬೇರೆ, ದುಡಿಮೆ ಎಷ್ಟು ಹೋಯಿತು ಅನ್ನೋದು ಇನ್ನೂ ಬೇರೆ. ಎಡಗೈ ಕಳೆದುಕೊಂಡ ಬಡಗಿಗೆ ದುಡಿಮೆ ಪೂರ್ತಿ ಹೋಗಬಹುದು, ಸರ್ಕಾರಿ ಗುಮಾಸ್ತನಿಗೆ ಹಾಗಲ್ಲ. ಡಾಕ್ಟ್ರು ಹೇಳಬೇಕಾದ್ದು ದೇಹದ ಊನ, ದುಡಿಮೆಯ ಲೆಕ್ಕ ನ್ಯಾಯಮಂಡಳಿಯದ್ದು. ಆದರೆ ಕೆಲಸದ ವೇಳೆ ಆದ ಗಾಯದ ಪರಿಹಾರದಲ್ಲಿ (ಮೊದಲು 1923ರ ಕಾರ್ಮಿಕ ಪರಿಹಾರ ಕಾಯ್ದೆ ಇತ್ತು, ಈಗ ಅದರ ಜಾಗದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ), ಕಾಯ್ದೆಯ ಷೆಡ್ಯೂಲಿನ ಪಟ್ಟಿಯಲ್ಲಿ ಹೆಸರಿಲ್ಲದ ಗಾಯಕ್ಕೆ ಗಳಿಕೆ ಸಾಮರ್ಥ್ಯ ಎಷ್ಟು ಹೋಯಿತು ಅಂತ ಡಾಕ್ಟ್ರೇ ಹೇಳಬೇಕು. ಈ ಎರಡನ್ನು ಕಲಸಿಕೊಂಡವರನ್ನು ನಾವು ಎದ್ದು ನಿಂತ ಎರಡನೇ ಪ್ರಶ್ನೆಯಲ್ಲೇ ಹಿಡಿಯುತ್ತೇವೆ. ಪೂರ್ಣ ಸದಸ್ಯತ್ವ ಕೊಡುವ ಮೊದಲು ಹೆಸರು ಅಳಿಸಿದ ಮೂರು ಹಳೆ ವರದಿ ತರಿಸಿ, ಇಬ್ಬರು ಹಿರಿಯರು ಓದಲಿ. ಪರೀಕ್ಷೆ ಗಿರೀಕ್ಷೆ ಬೇಡ, ಅಷ್ಟು ಸಾಕು.

ಫೀ ವಿಷಯ: ಎಲ್ಲರೂ ಇಷ್ಟೇ ತಗೋಬೇಕು ಅಂತ ಬೈಲಾದಲ್ಲಿ ಖಂಡಿತ ಬರೆಯಬೇಡಿ. ಒಂದೇ ವೃತ್ತಿಯವರು ಸೇರಿ ದರ ಕಟ್ಟುವುದನ್ನು ತಡೆಯುವ ಸ್ಪರ್ಧಾ ಕಾಯ್ದೆಗೆ ಸಿಕ್ಕಿಬೀಳುತ್ತೀರಿ. ಪಕ್ಕದ ಗೋವಾದಲ್ಲೇ ಔಷಧ ವ್ಯಾಪಾರಿಗಳ ಸಂಘಕ್ಕೆ 2012ರಲ್ಲಿ ಸ್ಪರ್ಧಾ ಆಯೋಗ ದಂಡ ಹಾಕಿದೆ. ಸದಸ್ಯರಲ್ಲದವರಿಗೆ ಕೆಲಸ ಕೊಡಬೇಡಿ ಅಂತ ಕಂಪನಿಗಳಿಗೆ ಪತ್ರ ಬರೆಯೋದೂ ಅದೇ ಜಾತಿಯ ತಪ್ಪು.

ಹೊನ್ನಾವರ, ಜನರಲ್ ಪ್ರಾಕ್ಟೀಸ್:

ನಾನು ಪಾಲಿಸಿ ಮಾಡಿಸುವ ಮೊದಲಿನ ಮೆಡಿಕಲ್ ಮಾತ್ರ ಮಾಡೋದು, ನನಗೆ ಸದಸ್ಯತ್ವ ಕೊಡ್ತೀರೋ ಇಲ್ವೋ ಗೊತ್ತಿಲ್ಲ. ಒಂದು ಮಾತು. ಕೇಸು ಕಳಿಸಿದವರಿಗೆ ಫೀಯಲ್ಲಿ ಪಾಲು ಕೊಡೋದು 2002ರ ವೈದ್ಯಕೀಯ ನೀತಿ ನಿಯಮದಲ್ಲೇ ತಪ್ಪು, ಆದರೂ ಅದನ್ನು ನಿಮ್ಮ ಬೈಲಾದಲ್ಲಿ ಇನ್ನೊಮ್ಮೆ ಬರೆಯಿರಿ. ಬರೆದಿದ್ದರೆ, ಯಾರಾದರೂ ಕೇಳಿದಾಗ "ಸಂಘದಲ್ಲಿ ಬಿಡೋದಿಲ್ಲ ಮಾರಾಯ" ಅಂತ ತಪ್ಪಿಸಿಕೊಳ್ಳಬಹುದು. ಅದೇ ನಿಯಮದಲ್ಲಿ ಸರ್ಟಿಫಿಕೇಟಿಗೆ ಒಂದು ರಿಜಿಸ್ಟರ್ ಇಡಬೇಕು, ಪ್ರತಿ ಇಟ್ಟುಕೊಳ್ಳಬೇಕು, ರೋಗಿಯ ಸಹಿ ಅಥವಾ ಹೆಬ್ಬೆಟ್ಟು, ವಿಳಾಸ, ಕನಿಷ್ಠ ಒಂದು ಗುರುತಿನ ಚಿಹ್ನೆ ಬರೆಯಬೇಕು ಅಂತಿದೆ. ಎಷ್ಟು ಜನ ಇಡುತ್ತಾರೆ ಹೇಳಿ. ನವೀಕರಣದ ಹೊತ್ತಿಗೆ ಆ ರಿಜಿಸ್ಟರಿನ ಕೊನೆ ಪುಟದ ಫೋಟೋ ಕೇಳಿ, ರೋಗಿಯ ಹೆಸರು ಮುಚ್ಚಿ ಕಳಿಸಲಿ.

ಅಂಕೋಲಾ, ಫಿಸಿಯೋ:

ನಮ್ಮನ್ನು ಮರೆಯಬೇಡಿ. ಕೀಲು ಎಷ್ಟು ಬಾಗುತ್ತದೆ ಅಂತ ದಿನಾ ಅಳೆಯುವವರು ನಾವೇ. ಸಹಿ ನಿಮ್ಮದೇ ಇರಲಿ, ಸಹ ಸದಸ್ಯ ಅಂತ ಒಂದು ವರ್ಗ ಇಟ್ಟರೆ ಸಾಕು. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡಿಗೂ ನಿಮ್ಮ ವರದಿ ನಡೆಯುತ್ತದೆ ಅಂತ ಅಂದುಕೊಂಡು ಎಷ್ಟೋ ಜನ ದುಡ್ಡು ಕೊಟ್ಟು ಮಾಡಿಸುತ್ತಾರೆ. ಅದಕ್ಕೆ ಸರ್ಕಾರ ಗೊತ್ತುಮಾಡಿದ ವೈದ್ಯಕೀಯ ಪ್ರಾಧಿಕಾರದ್ದೇ ಆಗಬೇಕು. ಸದಸ್ಯರು ಇದನ್ನು ಮೊದಲೇ ಹೇಳಬೇಕು ಅಂತ ನಿಯಮ ಮಾಡಿ.

ಕುಮಟಾ, ಮೂಳೆ ಡಾಕ್ಟರ್:

ಎಲ್ಲರಿಗೂ ಧನ್ಯವಾದ. ಇನ್ನೂ ಮೂರು ಸಂಶಯ. ವಿಮೆಗಾಗಿ ನಷ್ಟ ಅಂದಾಜು ಮಾಡುವ ಸರ್ವೇಯರ್‌ಗಳಿಗೆ ಇರುವ ಹಾಗೆ ಲೈಸೆನ್ಷಿಯೇಟ್, ಅಸೋಸಿಯೇಟ್, ಫೆಲೋ ಅಂತ ಮೂರು ಮೆಟ್ಟಿಲು ಇಡೋಣ ಅಂತ ಒಬ್ಬರು ಪಟ್ಟು ಹಿಡಿದಿದ್ದಾರೆ. ಆಯುರ್ವೇದದ ವಿಷಯ ಯಾರೂ ಹೇಳಲಿಲ್ಲ. ಹೊರಗೆ ಹಾಕೋದೂ ಹೇಳಲಿಲ್ಲ.

ಕಾರವಾರ, ನಿವೃತ್ತ ಸರ್ಜನ್:

ಸರ್ವೇಯರ್‌ಗಳ ಲೆಕ್ಕವೇ ಬೇರೆ ಮೇಡಂ. ಅವರ ಸಂಸ್ಥೆಯ ಹಿಂದೆ ವಿಮಾ ನಿಯಂತ್ರಣ ಪ್ರಾಧಿಕಾರ ಇದೆ, ಲೈಸೆನ್ಸಿಗೆ ಆ ಸದಸ್ಯತ್ವ ಬೇಕು. ನಿಮ್ಮ ಸಂಘಕ್ಕೆ ಸೇರದೆಯೂ ಯಾರು ಬೇಕಾದರೂ ವರದಿ ಕೊಡಬಹುದು. ಒಂಬತ್ತು ಜನರಿಗೆ ಮೂರು ಮೆಟ್ಟಿಲು ಇಟ್ಟರೆ ಹತ್ತುವವರಾರು, ಕೆಳಗೆ ನಿಲ್ಲುವವರಾರು? ಇನ್ನು ಫೆಲೋ ಅಂತ ಕೊಟ್ಟ ಮರುದಿನವೇ ಅದು ಬೋರ್ಡಿನ ಮೇಲೆ ಡಿಗ್ರಿ ಪಕ್ಕ ಕೂರುತ್ತದೆ. ಸಂಘದ ಹೆಸರನ್ನು ಬೋರ್ಡು, ಲೆಟರ್‌ಹೆಡ್ಡಿನಲ್ಲಿ ಹಾಕಬಾರದು ಅಂತಲೇ ಬರೆದುಬಿಡಿ.

ಆಯುರ್ವೇದದವರ ನೋಂದಣಿ ಬೇರೆ ಮಂಡಳಿಯಲ್ಲಿ, ನಮ್ಮದು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ. ಅವರನ್ನೂ ಸಹ ಸದಸ್ಯರಾಗಿ ತಗೊಳ್ಳಿ. ಆದರೆ ನಿಮ್ಮ ಒಂಬತ್ತು ಜನರೂ ತಮಗೆ ತಿಳಿದ ಅಂಗಕ್ಕೇ ನಿಲ್ಲಬೇಕು. ಕಿವಿ ಡಾಕ್ಟರ್ ಮೊಣಕಾಲಿನ ವರದಿ ಕೊಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅರ್ಜಿಯಲ್ಲೇ "ನಾನು ಇಂಥ ವಿಷಯದಲ್ಲಿ ಮಾತ್ರ ವರದಿ ಕೊಡುತ್ತೇನೆ" ಅಂತ ಬರೆಸಿಕೊಳ್ಳಿ.

ಹೊರಗೆ ಹಾಕೋದಕ್ಕೆ: ಲಿಖಿತ ದೂರು, ಲಿಖಿತ ನೋಟಿಸ್, ಉತ್ತರಕ್ಕೆ ಸಮಯ, ಎದುರು ಕೂರಿಸಿ ಕೇಳೋದು, ಕಾರಣ ಬರೆದ ತೀರ್ಮಾನ. ಇದರಲ್ಲಿ ಒಂದು ತಪ್ಪಿದರೂ ಅವರು ಕೋರ್ಟಿಗೆ ಹೋಗಿ ವಾಪಸ್ ಬರುತ್ತಾರೆ. ನಮ್ಮಲ್ಲಿ ಹಾಗೇ ಬಂದರು, ಹಾರ ಹಾಕಿಸಿಕೊಂಡು. ಪರ್ಸೆಂಟ್ ಜಾಸ್ತಿ ಆಯಿತು, ಕಡಿಮೆ ಆಯಿತು ಅನ್ನೋ ದೂರು ತಗೋಬೇಡಿ, ಅದು ಅಭಿಪ್ರಾಯ. ಪರೀಕ್ಷಿಸದೆ ಬರೆದದ್ದು, ಯಾರ ದುಡ್ಡು ಅಂತ ಮುಚ್ಚಿಟ್ಟದ್ದು, ಪಾಲು ಕೊಟ್ಟದ್ದು, ಇಂಥವನ್ನು ಮಾತ್ರ ತಗೊಳ್ಳಿ. ಸುಳ್ಳು ಸರ್ಟಿಫಿಕೇಟ್ ಆದರೆ ಪರಿಷತ್ತಿಗೆ ಕಳಿಸಿ, ನೋಂದಣಿ ಮುಟ್ಟುವ ಅಧಿಕಾರ ಅವರದ್ದು. ಆಜೀವ ಸದಸ್ಯತ್ವ ಮಾತ್ರ ಇಡಲೇಬೇಡಿ. ಒಮ್ಮೆ ದುಡ್ಡು ಕಟ್ಟಿದವರು ಮತ್ತೆ ಯಾವ ಪತ್ರವನ್ನೂ ತುಂಬುವುದಿಲ್ಲ.

ಶಿರಸಿ, ವಕೀಲ:

ಮಹಾಸಭೆ ಮಳೆಗಾಲದಲ್ಲಿ ಬೇಡ. 2024ರ ಜುಲೈಯಲ್ಲಿ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿದ್ದು ನೆನಪಿದೆಯಲ್ವಾ. ಭಟ್ಕಳದವರು, ಹಳಿಯಾಳದವರು ಎಲ್ಲ ಒಂದೇ ಕಡೆ ಸೇರಬೇಕು ಅಂದರೆ ಕೋರಂ ಆಗೋದು ಕಷ್ಟ. ಒಂದು ವರ್ಷ ಕುಮಟಾ, ಒಂದು ವರ್ಷ ಶಿರಸಿ ಅಂತ ಮಾಡಿ, ಚಳಿಗಾಲದಲ್ಲಿ.

ಕುಮಟಾ, ಮೂಳೆ ಡಾಕ್ಟರ್:

ನಿನ್ನೆ ಮತ್ತೆ ಕೂತಿದ್ದೆವು. ಸರ್ ಹೇಳಿದ ಒಂದು ಪುಟದ ಪತ್ರವನ್ನು ಅಲ್ಲೇ ಪ್ರಿಂಟ್ ತೆಗೆದು ಎಲ್ಲರ ಮುಂದೆ ಇಟ್ಟೆ. ಮೊದಲು ನನ್ನದೇ ತುಂಬಿದೆ, ಒಂದೇ ವಕೀಲರ ಆಫೀಸಿನಿಂದ ಅರ್ಧಕ್ಕಿಂತ ಜಾಸ್ತಿ ಬಂದಿತ್ತು, ನನಗೇ ಗೊತ್ತಿರಲಿಲ್ಲ. ಹಾಗಾಗಿ ಅಧ್ಯಕ್ಷೆ ನಾನಲ್ಲ, ಸಿದ್ದಾಪುರದವರು ಆಗುತ್ತಾರೆ. ಏಳು ಜನ ತುಂಬಿ ಸಹಿ ಹಾಕಿ ಕೊಟ್ಟರು. ಇಬ್ಬರು "ಮನೆಗೆ ಹೋಗಿ ಲೆಕ್ಕ ನೋಡಿ ಹೇಳ್ತೇವೆ" ಅಂತ ಪತ್ರ ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ನೋಂದಣಿಗೆ ಏಳು ಸಾಕು ಅಂದಿರಲ್ವಾ ಸರ್?

ಕಾರವಾರ, ನಿವೃತ್ತ ಸರ್ಜನ್:

ಸಾಕು ಮೇಡಂ. ಕಾರವಾರಕ್ಕೆ ಫೈಲ್ ಹಿಡಿದು ಬರುವ ದಿನ ಹೇಳಿ, ಊಟ ನಮ್ಮಲ್ಲೇ.