ಸಹಾಯ ಬೇಕು: ಸರ್ವಿಸ್‌ಗೆ ಕಾಯಲು ಹೋಗಿ ಆ್ಯಪ್ ಹ್ಯಾಂಗ್ ಆಗುತ್ತಿದೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮ ಕಡೆಯ ಅಡಿಕೆ ಬೆಳೆಗಾರರು ದಿನದ ಮಳೆ ಲೆಕ್ಕ ಬರೆದಿಡಲು ಕಾಟ್ಲಿನ್‌ನಲ್ಲಿ ಆಂಡ್ರಾಯ್ಡ್ ಆ್ಯಪ್ ಮಾಡುತ್ತಿದ್ದೇನೆ. ಮಳೆಗಾಲದಲ್ಲಿ ಇಲ್ಲಿ ಕರೆಂಟೂ ಇರುವುದಿಲ್ಲ, ಸಿಗ್ನಲ್ಲೂ ಇರುವುದಿಲ್ಲ. ಅದಕ್ಕೇ ಲೆಕ್ಕವನ್ನು ಫೋನಿನಲ್ಲೇ ಉಳಿಸಿ, ನೆಟ್‌ವರ್ಕ್ ಸಿಕ್ಕಾಗ ಕಳಿಸುವ ಒಂದು ಸರ್ವಿಸ್ (ಸ್ಕ್ರೀನ್ ಇಲ್ಲದೆ ಹಿನ್ನೆಲೆಯಲ್ಲಿ ಕೆಲಸ ಮಾಡುವ ಆ್ಯಪ್‌ನ ಭಾಗ) ಬರೆದಿದ್ದೇನೆ.

ಆ್ಯಕ್ಟಿವಿಟಿಯ (ಆ್ಯಪ್‌ನ ಸ್ಕ್ರೀನ್) ಆನ್‌ಕ್ರಿಯೇಟ್‌ನಲ್ಲಿ, ಅಂದರೆ ಅದು ಶುರುವಾಗುವಾಗಲೇ, ಸರ್ವಿಸ್‌ಗೆ ಜೋಡಿಸುವ ಬೈಂಡ್‌ಸರ್ವಿಸ್ ಕರೆದು, ಮುಂದಿನ ಸಾಲಿನಲ್ಲೇ ಸರ್ವಿಸ್ ಬಳಸಲು ಹೋದೆ. ನಲ್ (ಖಾಲಿ) ಸಿಕ್ಕಿತು. ಕಾಯೋಣ ಅಂತ, ಸೂಚನೆ ಬರುವವರೆಗೆ ಕೋಡನ್ನು ತಡೆದು ನಿಲ್ಲಿಸುವ ಕೌಂಟ್‌ಡೌನ್‌ಲ್ಯಾಚ್ ಹಾಕಿದೆ. ಈಗ ಸ್ಕ್ರೀನ್ ಅಲ್ಲಾಡುವುದೇ ಇಲ್ಲ. ಮುಟ್ಟಿ 5 ಸೆಕೆಂಡ್ ಕಾದರೆ ಎಎನ್‌ಆರ್ (ಆ್ಯಪ್ ಸ್ಪಂದಿಸುತ್ತಿಲ್ಲ ಅನ್ನುವ ಸಂದೇಶ)!

ಆಮೇಲೆ ಓದಿ ತಿಳಿಯಿತು. ಬೈಂಡ್‌ಸರ್ವಿಸ್ ತಕ್ಷಣ ವಾಪಸ್ ಬರುತ್ತದೆ. ಸರ್ವಿಸ್ ಸಿಕ್ಕಿತು ಅಂತ ತಿಳಿಸುವ ಆನ್‌ಸರ್ವಿಸ್‌ಕನೆಕ್ಟೆಡ್ ಬರುವುದು ಸ್ಕ್ರೀನ್ ನೋಡಿಕೊಳ್ಳುವ ಮೇನ್ ಥ್ರೆಡ್‌ಗೇ, ಅದನ್ನೇ ನಾನು ತಡೆದು ನಿಲ್ಲಿಸಿದ್ದೇನೆ. ಬಾಗಿಲಿಗೆ ಅಡ್ಡ ನಿಂತು, ನೆಂಟರು ಯಾಕೆ ಒಳಗೆ ಬಂದಿಲ್ಲ ಅಂದ ಹಾಗಾಯ್ತು. ಇನ್ನೊಂದು ಪೆದ್ದುತನ: ಸರ್ವಿಸ್ ಅಂದರೆ ತಾನಾಗೇ ಬೇರೆ ಥ್ರೆಡ್‌ನಲ್ಲಿ ಓಡುತ್ತದೆ ಅಂದುಕೊಂಡು, ಅದರ ಆನ್‌ಕ್ರಿಯೇಟ್‌ನಲ್ಲೇ ಡೇಟಾಬೇಸ್ ತೆರೆದಿದ್ದೆ. ಅದನ್ನು ಈಗ ಮೇನ್ ಥ್ರೆಡ್ ತಡೆಯದಂತೆ ಕೊರುಟೀನ್‌ಗೆ (ಕಾಟ್ಲಿನ್‌ನಲ್ಲಿ ನಡುವೆ ನಿಂತು ಮುಂದುವರಿಯಬಲ್ಲ ಕೆಲಸ) ಹಾಕಿದ್ದೇನೆ.

ಕೇಳಬೇಕಿರುವುದು ಇಷ್ಟು. ಕನೆಕ್ಟ್ ಆಗುವವರೆಗೆ ಬಂದ ಕೆಲಸಗಳನ್ನು ಒಂದು ಕ್ಯೂನಲ್ಲಿ ಇಡಲೇ, ಅಥವಾ ಕನೆಕ್ಷನ್ನನ್ನೇ ಸಸ್ಪೆಂಡ್ ಫಂಕ್ಷನ್ (ಥ್ರೆಡ್ ತಡೆಯದೆ ಕಾಯುವ ಫಂಕ್ಷನ್) ಮಾಡಲೇ? ಎರಡನೆಯದು ಇಷ್ಟ. ಆದರೆ ಸರ್ವಿಸ್ ಕ್ರ್ಯಾಶ್ ಆಗಿ ಮತ್ತೆ ಕನೆಕ್ಟ್ ಆದರೆ ಅದೇ ಕಂಟಿನ್ಯುಯೇಷನ್ (ಕಾಯುತ್ತಿರುವ ಕೋಡಿನ ಮುಂದಿನ ಭಾಗ) ಎರಡು ಸಲ ರೆಸ್ಯೂಮ್ ಆಗುತ್ತದೆ, ಅಲ್ವಾ? ಫೋನ್ ತಿರುಗಿಸಿದಾಗ ಆ್ಯಕ್ಟಿವಿಟಿ ಹೊಸದಾಗಿ ಶುರುವಾಗುತ್ತದಲ್ಲ, ಆಗ ಬೈಂಡಿಂಗ್ (ಸರ್ವಿಸ್ ಜೊತೆಗಿನ ಜೋಡಣೆ) ಎಲ್ಲಿ ಇಟ್ಟುಕೊಳ್ಳುತ್ತೀರಿ? ಇದಕ್ಕೆ ಸರ್ವಿಸ್ಸೇ ಬೇಡ, ನೆಟ್‌ವರ್ಕ್ ಸಿಕ್ಕಾಗ ಕೆಲಸ ಓಡಿಸುವ ಆಂಡ್ರಾಯ್ಡ್‌ನ ವರ್ಕ್‌ಮ್ಯಾನೇಜರ್ ಸಾಕು ಅನ್ನುವವರಿದ್ದರೆ ಅದನ್ನೂ ಹೇಳಿ, ಬೇಜಾರಿಲ್ಲ. ಉತ್ತರ ಕೊಡುವುದು ತಡವಾದರೆ ಕರೆಂಟ್ ಹೋಗಿದೆ ಅಂತ ತಿಳಿದುಕೊಳ್ಳಿ.