ಗ್ರಾಫಿಕ್ಸ್ ಕಾರ್ಡ್ ರೀಸೆಟ್ ಆದಮೇಲೆ ಕ್ರ್ಯಾಶ್ ಡಂಪ್ ಹಿಡಿಯೋದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನದು ಲಿನಕ್ಸ್, ಎಎಂಡಿ ಕಾರ್ಡು. ಬ್ಲೆಂಡರ್‌ನಲ್ಲಿ ಕೆಲಸ ಮಾಡ್ತಿರುವಾಗ ಸ್ಕ್ರೀನ್ ಕಪ್ಪಾಗಿ, ಸ್ವಲ್ಪ ಹೊತ್ತಿಗೆ ವಾಪಸ್ ಬರುತ್ತೆ. ಅಷ್ಟರಲ್ಲಿ ಬ್ಲೆಂಡರ್ ಸತ್ತಿರುತ್ತೆ. ಕರ್ನಲ್ (ಓಎಸ್‌ನ ತಿರುಳು) ಲಾಗ್‌ನಲ್ಲಿ ರಿಂಗ್ ಟೈಮ್‌ಔಟ್ (ಕೊಟ್ಟ ಕೆಲಸ ಕಾರ್ಡ್ ಸಮಯಕ್ಕೆ ಮುಗಿಸಲಿಲ್ಲ), ಜಿಪಿಯು ರೀಸೆಟ್ ಶುರು, ಡಿವೈಸ್ ಕೋರ್‌ಡಂಪ್ ಫೈಲ್ ತಯಾರಾಗಿದೆ ಅಂತ ಸಾಲುಗಳು ಬರ್ತವೆ. ಡ್ರೈವರ್ ಬರೆಯುವವರು ಆ ಡಂಪ್ (ಕಾರ್ಡ್ ಬಿದ್ದಾಗಿನ ಸ್ಥಿತಿಯ ದಾಖಲೆ) ಕಳಿಸಿ ಅಂದಿದ್ದಾರೆ. ಲಾಗ್ ಹೇಳಿದ ಜಾಗದಲ್ಲಿ ಹುಡುಕಿದ್ರೆ ಫೈಲೇ ಇರಲ್ಲ. ಎಲ್ಲಿಗೆ ಹೋಗುತ್ತೆ ಅದು?

ಉತ್ತರ 1 (ಎಎಂಡಿ, ಲಿನಕ್ಸ್):

ಎಲ್ಲಿಗೂ ಹೋಗಲ್ಲ ಸರ್, ಅಳಿಸಿ ಹೋಗುತ್ತೆ. ಆ ಫೈಲ್ ನಿಮ್ಮ ಡಿಸ್ಕ್‌ನಲ್ಲಿ ಇರೋದೇ ಇಲ್ಲ, ಕರ್ನಲ್ ಅದನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತೆ. 2014ರ ಕೊನೆಯಲ್ಲಿ ಬಂದ 3.18 ಕರ್ನಲ್‌ನಿಂದ ಇರುವ ಡೆವ್‌ಕೋರ್‌ಡಂಪ್ ಅನ್ನೋ ವ್ಯವಸ್ಥೆ ಇದು. ಯಾರೂ ಬಂದು ತಗೊಂಡು ಹೋಗದಿದ್ರೆ 5 ನಿಮಿಷಕ್ಕೆ ತಾನೇ ಬಿಸಾಕುತ್ತೆ. ಸ್ಕ್ರೀನ್ ವಾಪಸ್ ಬಂದು, ಮತ್ತೆ ಲಾಗಿನ್ ಆಗಿ, ಲಾಗ್ ಓದಿ, ಅಲ್ಲಿಗೆ ಹೋಗೋ ಹೊತ್ತಿಗೆ ಆ 5 ನಿಮಿಷ ಮುಗಿದಿರುತ್ತೆ.

ಫೈಲ್ ಸಿಕ್ಕಿದಾಗಲೂ ಒಂದು ವಿಷಯ ಗಮನದಲ್ಲಿರಲಿ. ಪಟ್ಟಿ ಮಾಡಿ ನೋಡಿದ್ರೆ ಅದರ ಗಾತ್ರ 0 ಅಂತ ತೋರಿಸುತ್ತೆ. ಖಾಲಿ ಇದೆ ಅಂತ ಬಿಟ್ಟು ಬರಬೇಡಿ. ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಮಾಹಿತಿಯನ್ನ ಫೈಲ್‌ಗಳ ರೂಪದಲ್ಲಿ ತೋರಿಸೋ ಜಾಗ) ಇಂಥ ಫೈಲ್‌ಗಳ ಗಾತ್ರ ಮೊದಲೇ ಬರೆದಿರಲ್ಲ, ಓದೋಕೆ ಶುರು ಮಾಡಿದಾಗ ಒಳಗಿರೋದೆಲ್ಲ ಬರುತ್ತೆ. ರೂಟ್ (ಅಡ್ಮಿನ್) ಆಗಿ ಕ್ಯಾಟ್ ಕಮಾಂಡ್‌ನಿಂದ ಓದಿ, ಬೇರೆ ಫೈಲ್‌ಗೆ ತಿರುಗಿಸಿ. ಹೀಗೆ ಉಳಿಸಿಕೊಳ್ಳೋವರೆಗೆ ಮೂಲ ಡಂಪ್ ಫೈಲ್ ಒಳಗೆ ಮಾತ್ರ ಏನೂ ಬರೀಬೇಡಿ. ಒಂದೇ ಒಂದು ಅಕ್ಷರ ಬರೆದ್ರೂ ‘ನನ್ನ ಕೆಲಸ ಮುಗೀತು, ಅಳಿಸು’ ಅಂತ ಕರ್ನಲ್‌ಗೆ ಹೇಳಿದ ಹಾಗೆ.

ಕಾದು ಕೂತು ಹಿಡಿಯೋ ಕೆಲಸ ಅಲ್ಲ ಇದು. ಒಂದು ಯೂಡೆವ್ ರೂಲ್ ಹಾಕಿ (ಯೂಡೆವ್ ಅಂದ್ರೆ ಡಿವೈಸ್‌ಗಳಲ್ಲಿ ಏನಾದ್ರೂ ಆದಾಗ ಹೇಳಿದ ಕೆಲಸ ಮಾಡೋ ಲಿನಕ್ಸ್ ಸೇವೆ): ಸಬ್‌ಸಿಸ್ಟಮ್ ಡೆವ್‌ಕೋರ್‌ಡಂಪ್, ಆಕ್ಷನ್ ಆಡ್ ಆದಾಗ ಒಂದು ಚಿಕ್ಕ ಸ್ಕ್ರಿಪ್ಟ್ ಓಡಲಿ. ಆ ಡಂಪ್ ಎಲ್ಲಿದೆ ಅನ್ನೋ ದಾರಿಯನ್ನ ಯೂಡೆವ್ ತಾನೇ ಸ್ಕ್ರಿಪ್ಟ್‌ಗೆ ಕೊಡುತ್ತೆ. ಸ್ಕ್ರಿಪ್ಟ್ ಮೊದಲು ಡೇಟಾ ಫೈಲನ್ನ (ಡಂಪ್ ಇರೋ ಫೈಲ್‌ನ ಹೆಸರೇ ‘ಡೇಟಾ’) ತಾರೀಖು, ಸಮಯದ ಹೆಸರಲ್ಲಿ ಡಿಸ್ಕ್‌ಗೆ ಇಳಿಸಲಿ. ಅದರ ಪಕ್ಕದಲ್ಲೇ ಆಗಿನ ಕರ್ನಲ್ ಲಾಗ್ ಉಳಿಸಲಿ. ಆಮೇಲೆ ಸಿಂಕ್ ಕೊಡಲಿ (ಬರೆದದ್ದನ್ನ ತಕ್ಷಣ ಡಿಸ್ಕ್‌ಗೆ ಇಳಿಸೋ ಕಮಾಂಡ್). ಸಿಂಕ್ ಮರೀಬೇಡಿ, ರೀಸೆಟ್ ಆದ ಕಾರ್ಡ್ ಮತ್ತೆ ತಕ್ಷಣ ಬೀಳೋದು, ಪವರ್ ಬಟನ್ ಒತ್ತಬೇಕಾಗೋದು ತುಂಬಾ ಸಾಮಾನ್ಯ. ಇಷ್ಟೆಲ್ಲ ಆದಮೇಲೆ ಡೇಟಾ ಫೈಲ್‌ಗೆ 1 ಬರೆದು ಖಾಲಿ ಮಾಡಿ. ಯಾಕಂದ್ರೆ ಒಂದು ಕಾರ್ಡ್‌ಗೆ ಒಂದು ಸಲಕ್ಕೆ ಒಂದೇ ಡಂಪ್. ಹಳೇದು ಅಲ್ಲೇ ಕೂತಿದ್ರೆ ಹೊಸದಕ್ಕೆ ಜಾಗ ಇಲ್ಲ.

ಎಎಂಡಿ ಡಂಪ್ ಬರಿಗಣ್ಣಿಗೂ ಅರ್ಥ ಆಗುತ್ತೆ. ಮೇಲ್ಗಡೆಯೇ ಕರ್ನಲ್ ಆವೃತ್ತಿ, ಸಮಯ, ಯಾವ ಪ್ರೋಗ್ರಾಂ, ಅದರ ಪಿಐಡಿ (ಓಡ್ತಿರೋ ಪ್ರೋಗ್ರಾಂನ ಸಂಖ್ಯೆ) ಇರುತ್ತೆ. ವಿಡಿಯೋ ಮೆಮೊರಿ ಕಳೆದುಹೋಗಿದ್ರೆ ಅದನ್ನೂ ಹೇಳುತ್ತೆ. ಕಳಿಸೋ ಮುಂಚೆ ಪ್ರೋಗ್ರಾಂ ಹೆಸರು ನೋಡಿಕೊಳ್ಳಿ. ಬ್ಲೆಂಡರ್ ಬದಲು ನಿಮ್ಮ ಡೆಸ್ಕ್‌ಟಾಪ್ ಹೆಸರೇ ಇದ್ರೆ ತನಿಖೆಯ ದಿಕ್ಕೇ ಬೇರೆ.

ಉತ್ತರ 2 (ಇಂಟೆಲ್ ಲ್ಯಾಪ್‌ಟಾಪ್):

ಇಂಟೆಲ್‌ನವರಿಗೆ ಲೆಕ್ಕ ಬೇರೆ. ಹಳೆಯ ಐ915 ಡ್ರೈವರ್ ಡೆವ್‌ಕೋರ್‌ಡಂಪ್‌ಗೆ ಹೋಗಲ್ಲ, ಸಿಸ್‌ಎಫ್‌ಎಸ್‌ನ ಡಿಆರ್‌ಎಂ (ಗ್ರಾಫಿಕ್ಸ್) ಫೋಲ್ಡರ್‌ನಲ್ಲಿ ಕಾರ್ಡ್ ಹೆಸರಿನ ಕೆಳಗೆ ‘ಎರರ್’ ಅನ್ನೋ ಫೈಲ್‌ನಲ್ಲಿ ಇಡುತ್ತೆ. 5 ನಿಮಿಷದ ಗಡುವು ಇದಕ್ಕಿಲ್ಲ, ನೀವು ಅಳಿಸೋವರೆಗೆ ಅಥವಾ ರೀಬೂಟ್ ಆಗೋವರೆಗೆ ಇರುತ್ತೆ. ಅದು ಹಿಡಿದಿಟ್ಟುಕೊಳ್ಳೋದು ಮೊದಲನೇ ಹ್ಯಾಂಗ್ (ಕಾರ್ಡ್ ಸಿಕ್ಕಿಹಾಕಿಕೊಂಡು ನಿಂತದ್ದು) ಮಾತ್ರ. ಅದು ಒಳ್ಳೇದೇ. ಮೊದಲ ಹ್ಯಾಂಗ್ ಕಾರಣ ಹೇಳುತ್ತೆ, ಆಮೇಲಿನವು ಬಹಳ ಸಲ ಅದರ ಪರಿಣಾಮ. ಹೊಸ ಎಕ್ಸ್‌ಇ ಡ್ರೈವರ್ ಡೆವ್‌ಕೋರ್‌ಡಂಪನ್ನೇ ಬಳಸುತ್ತೆ, ಆದ್ರೆ ಒಂದು ಗಂಟೆ ಕಾಯುತ್ತೆ.

ಇನ್ನೊಂದು. ಇಂಥ ಡಂಪ್‌ನಲ್ಲಿ ಜಿಪಿಯುಗೆ ಕಳಿಸಿದ ಕಮಾಂಡ್ ಬಫರ್‌ಗಳೂ ಇರಬಹುದು, ಅಂದ್ರೆ ನಿಮ್ಮ ಕೆಲಸದ ತುಣುಕುಗಳು. ಕಂಪನಿ ಪ್ರಾಜೆಕ್ಟ್ ತೆರೆದಿದ್ದಾಗ ಬಿದ್ದ ಡಂಪನ್ನ ಎಲ್ಲರಿಗೂ ಕಾಣೋ ಹಾಗೆ ಹಾಕೋ ಮುಂಚೆ ಆಫೀಸಿನಲ್ಲಿ ಕೇಳಿ.

ಉತ್ತರ 3 (ಎನ್‌ವಿಡಿಯಾ, ಎರಡೂ ಓಎಸ್):

ಎನ್‌ವಿಡಿಯಾದ ಸ್ವಂತ ಡ್ರೈವರ್‌ಗೆ ಮೇಲಿನದು ಯಾವುದೂ ಅನ್ವಯಿಸಲ್ಲ. ಕರ್ನಲ್ ಲಾಗ್‌ನಲ್ಲಿ ಎಕ್ಸ್‌ಐಡಿ (ಎನ್‌ವಿಡಿಯಾ ಡ್ರೈವರ್‌ನ ದೋಷ ಸಂಖ್ಯೆ) ಅಂತ ಹುಡುಕಿ, ಅದರ ಮುಂದಿನ ಸಂಖ್ಯೆ ಮುಖ್ಯ. 79 ಅಂದ್ರೆ ಕಾರ್ಡ್ ಬಸ್‌ನಿಂದಲೇ (ಮದರ್‌ಬೋರ್ಡ್ ಜೊತೆಗಿನ ಸಂಪರ್ಕದಿಂದ) ಕಳಚಿಕೊಂಡಿದೆ. ನಾನಾದ್ರೆ ಆಗ ಮೊದಲು ಪವರ್ ಕೇಬಲ್, ಬಿಸಿ, ಸ್ಲಾಟ್ ನೋಡ್ತೀನಿ. ಡ್ರೈವರ್ ಜೊತೆ ಬರುವ ಬಗ್ ರಿಪೋರ್ಟ್ ಸ್ಕ್ರಿಪ್ಟನ್ನ ರೂಟ್ ಆಗಿ, ರೀಬೂಟ್ ಮಾಡೋ ಮುಂಚೆಯೇ ಓಡಿಸಿ.

ವಿಂಡೋಸ್‌ನಲ್ಲಿ ಜಿಪಿಯು 2 ಸೆಕೆಂಡು ಉತ್ತರ ಕೊಡದಿದ್ರೆ ಟಿಡಿಆರ್ (ನಿಂತ ಜಿಪಿಯುವನ್ನ ಗುರುತಿಸಿ ಎಬ್ಬಿಸೋ ವಿಂಡೋಸ್ ವ್ಯವಸ್ಥೆ) ರೀಸೆಟ್ ಮಾಡುತ್ತೆ. ವಿಂಡೋಸ್ ಫೋಲ್ಡರ್‌ನ ಲೈವ್‌ಕರ್ನಲ್‌ರಿಪೋರ್ಟ್ಸ್ ಒಳಗೆ ವಾಚ್‌ಡಾಗ್ ಅನ್ನೋ ಫೋಲ್ಡರ್ ನೋಡಿ, ಈವೆಂಟ್ ವ್ಯೂವರ್‌ನಲ್ಲಿ ಈವೆಂಟ್ ಸಂಖ್ಯೆ 4101 ಹುಡುಕಿ. ಟಿಡಿಆರ್ ಗಡುವು ಹೆಚ್ಚಿಸಿ ಅಂತ ಸಲಹೆ ಕೊಡೋರು ಬಹಳ ಜನ ಇದ್ದಾರೆ. ಡಂಪ್ ಹಿಡಿಯೋವರೆಗೆ ಅದನ್ನ ಮುಟ್ಟಬೇಡಿ, ರೋಗಲಕ್ಷಣವೇ ಬದಲಾಗಿ ಹೋಗುತ್ತೆ.

ಉತ್ತರ 4:

ಸ್ಕ್ರೀನ್ ವಾಪಸ್ ಬರದೇ ಇದ್ರೆ ತಕ್ಷಣ ಪವರ್ ತೆಗೀಬೇಡಿ. ಎಸ್‌ಎಸ್‌ಎಚ್ (ಬೇರೆ ಸಾಧನದಿಂದ ನೆಟ್‌ವರ್ಕ್ ಮೂಲಕ ಲಾಗಿನ್ ಆಗೋ ದಾರಿ) ಮೊದಲೇ ಆನ್ ಮಾಡಿಟ್ಟಿರಿ. ಎಷ್ಟೋ ಸಲ ಸತ್ತಿರೋದು ಡಿಸ್‌ಪ್ಲೇ ಮಾತ್ರ, ಮೆಶೀನು ಒಳಗೆ ಓಡ್ತಾನೇ ಇರುತ್ತೆ. ಫೋನಿಂದ ಒಳಗೆ ಹೋಗಿ ಡಂಪ್ ಎಳೆದುಕೊಳ್ಳಬಹುದು. ಅದೂ ಆಗದಿದ್ರೆ ರೀಬೂಟ್ ಆದಮೇಲೆ ಜರ್ನಲ್‌ನಲ್ಲಿ (ಸಿಸ್ಟಮ್‌ನ ಲಾಗ್ ಸಂಗ್ರಹ) ಹಿಂದಿನ ಬೂಟ್‌ನ ಕರ್ನಲ್ ಸಾಲುಗಳನ್ನ ತೆಗೀರಿ. ಅದಕ್ಕೆ ವಾರ್ ಲಾಗ್ ಒಳಗೆ ಜರ್ನಲ್ ಫೋಲ್ಡರ್ ಇರಬೇಕು, ಇಲ್ಲದಿದ್ರೆ ಕೆಲವು ಡಿಸ್ಟ್ರೋಗಳಲ್ಲಿ ಜರ್ನಲ್ ಕೂಡ ಮೆಮೊರಿಯಲ್ಲೇ ಇದ್ದು ಹೋಗಿಬಿಡುತ್ತೆ. ಇವತ್ತೇ ನೋಡಿಕೊಳ್ಳಿ, ಮುಂದಿನ ಕ್ರ್ಯಾಶ್‌ಗೆ ಮುಂಚೆ.